ಮಿಠಾಯಿ ವೇಷದ ಡ್ರಗ್ಸ್: ಎಷ್ಟು ನಿಜ, ತಿಂದುಬಿಟ್ಟರೆ ಏನು ಮಾಡಬೇಕು?

ಪ್ರಶ್ನೆ
ಶಾಲೆ ಗೇಟಿನ ಹತ್ತಿರ ಸ್ಟ್ರಾಬೆರಿ ವಾಸನೆಯ ಡ್ರಗ್ಸ್ ಮಿಠಾಯಿ ಹಂಚುತ್ತಿದ್ದಾರೆ ಅಂತ ಪೋಷಕರ ಗ್ರೂಪಿನಲ್ಲಿ ಮೆಸೇಜ್ ಓಡಾಡುತ್ತಿದೆ. ಮನೆಯಲ್ಲಿ ನಾಲ್ಕು ವರ್ಷದ ಮಗನೂ ಹನ್ನೆರಡರ ಮಗಳೂ ಇದ್ದಾರೆ. ಇದರಲ್ಲಿ ನಿಜ ಎಷ್ಟು? ನೋಡಿದರೆ ಗೊತ್ತಾಗುತ್ತದಾ? ತಿಂದುಬಿಟ್ಟರೆ ಮೊದಲು ಏನು ಮಾಡಬೇಕು?

ಉತ್ತರ 1
ಆ ಮೆಸೇಜ್ ತುಂಬಾ ಹಳೆಯದು. 2007ರಲ್ಲಿ ಅಮೆರಿಕದಲ್ಲಿ ‘ಸ್ಟ್ರಾಬೆರಿ ಕ್ವಿಕ್’ ಅನ್ನುವ ಹೆಸರಿನಲ್ಲಿ ಹಬ್ಬಿದ ಸುದ್ದಿಯೇ ಊರಿನ ಹೆಸರು ಬದಲಿಸಿಕೊಂಡು ತಿರುಗುತ್ತಿದೆ. ದುಬಾರಿ ಸರಕನ್ನು ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಪುಕ್ಕಟೆ ಹಂಚಿದರೆ ಮಾರುವವನಿಗೆ ಗಿಟ್ಟುವುದೇನೂ ಇಲ್ಲ.

ನಿಜವಾದ ಅಪಾಯ ಮನೆಯೊಳಗಿದೆ: ದೊಡ್ಡವರು ತಮಗಾಗಿ ತಂದಿಟ್ಟ, ಗಾಂಜಾ ಬೆರೆಸಿದ ಗಮ್ಮಿ (ಜೆಲ್ಲಿಯಂಥ ಮಿಠಾಯಿ), ಚಾಕೊಲೇಟ್. ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಇವನ್ನು ತಿಂದ ಪ್ರಕರಣ 2017ರಲ್ಲಿ 207 ದಾಖಲಾಗಿದ್ದರೆ, 2021ರಲ್ಲಿ 3,054. ಬಹುಪಾಲು ನಡೆದದ್ದು ಮನೆಯಲ್ಲೇ.

ಮಗಳ ವಿಷಯ ಬೇರೆ. ಆ ವಯಸ್ಸಿನವರಿಗೆ ಅಪಾಯ ಬರುವುದು ಸ್ನೇಹಿತರ ಕೈಯಿಂದ, ಇಲ್ಲವೇ ಆನ್‌ಲೈನ್‌ನಲ್ಲಿ ಕೊಂಡ ನಕಲಿ ಮಾತ್ರೆಯಿಂದ. ಅದರಲ್ಲಿ ಫೆಂಟನಿಲ್ ಅನ್ನುವ ಅತಿ ಪ್ರಬಲ ನೋವುನಿವಾರಕ ಇದ್ದರೆ ಒಂದೇ ಮಾತ್ರೆ ಸಾಕು, ಉಸಿರು ನಿಂತೀತು.

ಉತ್ತರ 2
ಗಮ್ಮಿಯನ್ನು ಪೊಟ್ಟಣದಿಂದ ತೆಗೆದ ಮೇಲೆ ನೋಡಿ, ಮೂಸಿ ಗುರುತಿಸುವುದು ಆಗದ ಮಾತು. ಪೊಟ್ಟಣವನ್ನೇ ಓದಬೇಕು. ಮಾಮೂಲಿ ಮಿಠಾಯಿಯ ಮುಂಭಾಗದಲ್ಲಿ ಮಿಲಿಗ್ರಾಂ ಲೆಕ್ಕ ಇರುವುದಿಲ್ಲ, ಗ್ರಾಂ ಇರುತ್ತದೆ. ದೊಡ್ಡದಾಗಿ ‘ಮಿ.ಗ್ರಾಂ’, ‘ಟಿಎಚ್‌ಸಿ’ (ಗಾಂಜಾದಲ್ಲಿ ಅಮಲು ತರುವ ಅಂಶ) ಅಂತಿದ್ದರೆ, ಎಲೆಯ ಚಿತ್ರವಿದ್ದರೆ ಅನುಮಾನಪಡಿ. ಅಭ್ಯಾಸವಿಲ್ಲದ ದೊಡ್ಡವರಿಗೇ 5 ಮಿ.ಗ್ರಾಂ ಅಮಲೇರಿಸುತ್ತದೆ, ಒಂದು ಪೊಟ್ಟಣದಲ್ಲಿ 100 ಇರಬಹುದು. ಹೆಸರಾಂತ ಮಿಠಾಯಿಯ ಹೊದಿಕೆಯನ್ನೇ ನಕಲು ಮಾಡಿದ ಪೊಟ್ಟಣಗಳ ಮೇಲೆ 600 ಅಂತ ಮುದ್ರಿಸಿದ್ದೂ ಉಂಟು. ಹದಿನೈದು ಕೆ.ಜಿ. ತೂಗುವ ಮಗುವಿಗೆ ಇದೆಂಥ ಪ್ರಮಾಣ, ಯೋಚಿಸಿ.

ಇನ್ನೊಂದು ಮೋಸ ಸಮಯದ್ದು. ಗಾಂಜಾ ಸೇದಿದರೆ ಅಮಲು ತಕ್ಷಣ ಏರುತ್ತದೆ. ತಿಂದದ್ದು ಹೊಟ್ಟೆ, ಯಕೃತ್ತು ದಾಟಿ ಬರಬೇಕು. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಮಗು ಆಡಿಕೊಂಡೇ ಇರುತ್ತದೆ, ‘ಏನೂ ಆಗಿಲ್ಲ’ ಅಂತ ಮನೆಯವರು ಸುಮ್ಮನಾಗುತ್ತಾರೆ. ಆಮೇಲೆ ತೂರಾಡುವ ನಡಿಗೆ, ಎಬ್ಬಿಸಿದರೂ ಏಳದ ನಿದ್ದೆ, ವಾಂತಿ, ಕೆಲವೊಮ್ಮೆ ಉಸಿರು ನಿಧಾನ.

ಉತ್ತರ 3
ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ ತುರ್ತು ಸೇವೆಗೆ ಕರೆ ಮಾಡಿ. ಬಾಯಲ್ಲಿ ಉಳಿದದ್ದನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿ ತೆಗೆಯಿರಿ. ಮಂಪರಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಾಲ್ಕು ವರ್ಷದ ಮಗುವಿಗೆ 20ರಿಂದ 28 ಸಹಜ. ಪೊಟ್ಟಣ, ಉಳಿದ ತುಂಡು, ತಿಂದ ಹೊತ್ತು ಮೂರೂ ಆಸ್ಪತ್ರೆಗೆ ಹೋಗಲಿ.

ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ತುಟಿ ನೀಲಿಯಾಗಿ, ಉಸಿರು ಕ್ಷೀಣಿಸಿದ್ದರೆ ಅದು ಫೆಂಟನಿಲ್‌ನಂಥ ಓಪಿಯಾಯ್ಡ್ (ಅಫೀಮಿನ ಜಾತಿಯ ಮದ್ದು) ಇರಬಹುದು. ಅದರ ಪರಿಣಾಮ ತಡೆಯುವ ನಲೋಕ್ಸೋನ್ ಸ್ಪ್ರೇ ಸಿಕ್ಕರೆ ಮೂಗಿಗೆ ಹಾಕಿ, ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಡಿ.

ವೈದ್ಯರ ಮುಂದೆ ಮುಚ್ಚಿಡಬೇಡಿ. ಮನೆಯಲ್ಲಿ ಗಾಂಜಾ ಇತ್ತು ಅಂತ ಹೇಳದಿದ್ದರೆ ಮೆದುಳಿನ ಸೋಂಕಿರಬಹುದೆಂದು ಮಗುವಿಗೆ ಸಿಟಿ ಸ್ಕ್ಯಾನ್, ಬೆನ್ನುಹುರಿ ನೀರಿನ ಪರೀಕ್ಷೆ ಎಲ್ಲ ಮಾಡಬೇಕಾಗುತ್ತದೆ. ಫೆಂಟನಿಲ್ ಅನುಮಾನವನ್ನಂತೂ ಬಾಯಿಬಿಟ್ಟೇ ಹೇಳಿ. ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು
ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ? ಮಗು ತೆಗೆಯಲಾಗದ ಮುಚ್ಚಳದ ಡಬ್ಬಿ ಸಾಕಾ?

ಉತ್ತರ 3
ವಾಂತಿ ಮಾಡಿಸಬೇಡಿ, ಆ ಡಬ್ಬಿಯೊಂದೇ ಸಾಲದು. ಮಂಪರಿನಲ್ಲಿರುವ ಮಗು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಇನ್ನು ಆ ಮುಚ್ಚಳ: ಅಮೆರಿಕದ ನಿಯಮದಲ್ಲಿ ಐದು ವರ್ಷದೊಳಗಿನ ಮಕ್ಕಳ ಗುಂಪಿಗೆ ಡಬ್ಬಿ ಕೊಟ್ಟು ಪರೀಕ್ಷಿಸುತ್ತಾರೆ. ಹತ್ತು ನಿಮಿಷದಲ್ಲಿ ನೂರಕ್ಕೆ 20 ಮಕ್ಕಳು ತೆರೆದರೂ ಅದು ಪಾಸು. ಬೀಗವಿರುವ ಪೆಟ್ಟಿಗೆಯೇ ಆಗಬೇಕು. ನಿದ್ದೆಯ ಗಮ್ಮಿ, ಕಬ್ಬಿಣಾಂಶದ ಮಾತ್ರೆ, ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳನ್ನೂ ಅದರೊಳಗೇ ಹಾಕಿ. ಶುಗರ್ ಮಾತ್ರೆಗಳಲ್ಲಿ ಕೆಲವು ಒಂದೇ ನುಂಗಿದರೂ ಚಿಕ್ಕ ಮಗುವಿನ ಪ್ರಾಣಕ್ಕೆ ಕುತ್ತು.