ಮಗಳೇ, ಆ ಬಿರುಕಿಗೆ ಪುಟ್ಟಿ ಬಳಿಸಬೇಡ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ ನಾಲ್ಕೂ ಫೋಟೋ ನೋಡಿದೆ. ಬಂಗಾರಪೇಟೆಯಲ್ಲಿ ಗೃಹಪ್ರವೇಶದ ಊಟ ಮಾಡಿ ಬಂದು ಇನ್ನೂ ಎಂಟು ತಿಂಗಳು. ಅಷ್ಟರಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು, ಬಾತ್‌ರೂಮ್ ಹಿಂದಿನ ಗೋಡೆ ಒದ್ದೆ. ಕಾಂಟ್ರಾಕ್ಟರ್ "ಹೊಸ ಮನೆ ಸೆಟಲ್ ಆಗ್ತದೆ ಮೇಡಂ, ಪುಟ್ಟಿ ಹೊಡೆದು ಪೇಂಟ್ ಮಾಡಿಸ್ತೀನಿ, ಭಾನುವಾರ ಹುಡುಗರು ಬರ್ತಾರೆ" ಅಂದನಂತೆ. ನನಗೆ ಟೈಪ್ ಮಾಡಲು ಕೈ ಓಡುವುದಿಲ್ಲ. ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಉದ್ದ ಆದರೆ ಯಾರೂ ಬೈಬೇಡಿ.

ಮೊದಲ ಮಾತು. ಪುಟ್ಟಿ ಬಳಿಯಲು ಬಿಡಬೇಡ. ಆ ಬಿರುಕೇ ನಿನ್ನ ಸಾಕ್ಷಿ. ಅದನ್ನು ಮುಚ್ಚಿದ ಮೇಲೆ ಯಾರಿಗೆ ಏನು ತೋರಿಸುತ್ತೀಯ?

ನಮ್ಮ ಕೋಲಾರದ ಮನೆಯಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ನಿಮ್ಮ ದೊಡ್ಡಪ್ಪನಿಗೆ ಡ್ಯೂಟಿ, ಮನೆ ಕಟ್ಟಿಸಿದ್ದೆಲ್ಲ ನಾನೇ. 2021ರ ಫೆಬ್ರವರಿಯಲ್ಲಿ ಹಾಲು ಉಕ್ಕಿಸಿದೆವು. ಆ ವರ್ಷ ನವೆಂಬರ್ ಮಳೆ ನೆನಪಿದೆಯಲ್ವಾ? ವರ್ಷಾನುಗಟ್ಟಲೆ ಒಣಗಿ ಬಿದ್ದಿದ್ದ ಕೆರೆಗಳು ಕೋಡಿ ಹೋದವು, ಎಲ್ಲರೂ ಬಾಗಿನ ಕೊಡಲು ಓಡಿದರು. ನಮ್ಮ ಅಡುಗೆಮನೆ ಮೂಲೆ ಮಾತ್ರ ಕೆಳಕ್ಕೆ ಕೂತಿತು. ಸಾಲಿಡ್ ಬ್ಲಾಕಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಇಳಿಯಿತು. ಮೇಸ್ತ್ರಿ ಪುಟ್ಟಿ ಬಳಿದ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟಿತು. ಕೇಳಿದರೆ "ಇದು ಹೊಸದು ಅಕ್ಕಾ, ಹಳೇದಲ್ಲ" ಅಂದ! ನನ್ನ ಹತ್ತಿರ ಹಳೇದರ ಫೋಟೋ ಒಂದೂ ಇರಲಿಲ್ಲ.

ಆಮೇಲೆ ಪರಿಚಯದ ಎಂಜಿನಿಯರೊಬ್ಬರು ಹೇಳಿದ ಹಾಗೆ ಮಾಡಿದೆ. ಒಡೆದ ಫೋಟೋ ಫ್ರೇಮಿನ ಗಾಜನ್ನು ಬೆರಳಗಲ ಪಟ್ಟಿ ಮಾಡಿಸಿ, ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಪಿಒಪಿ, ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್, ಮೆತ್ತಿದೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು. ದಿನಾ ಒಗ್ಗರಣೆ ಹಾಕುವಾಗ ಕಣ್ಣು ಅಲ್ಲಿಗೇ. ಮೂರನೇ ವಾರ ಗಾಜಿನ ಮಧ್ಯೆ ಕೂದಲೆಳೆಯಂಥ ಗೆರೆ, ಮಾರನೇ ದಿನ ಎರಡು ತುಂಡು. ಗೋಡೆ ಇನ್ನೂ ಸರಿಯುತ್ತಿದೆ ಅಂತ ಅರ್ಥ. ಸೆಟಲ್ ಆಯಿತು ಅನ್ನುವ ಮಾತಿಗೆ ಆಮೇಲೆ ಜಾಗವೇ ಉಳಿಯಲಿಲ್ಲ. ಆ ಮೂಲೆಯಲ್ಲಿ ಗುಂಡಿ ತೋಡಿಸಿದರೆ ಸೈಜುಗಲ್ಲು ನಿಂತಿದ್ದದ್ದು ತುಂಬಿದ ಮಣ್ಣಿನ ಮೇಲೆ. ಪ್ಲಾಸ್ಟಿಕ್ ಕವರು, ಒಂದು ಒಂಟಿ ಚಪ್ಪಲಿ ಸಿಕ್ಕಿತು. ಮೊದಲು ತಗ್ಗಿದ್ದ ಜಾಗವಂತೆ, ಟ್ರ್ಯಾಕ್ಟರ್ ಮಣ್ಣು ಹೊಡೆದು ಲೇಔಟ್ ಮಾಡಿದ್ದರು. ಗಟ್ಟಿ ನೆಲ ಸಿಗುವ ತನಕ ಪಾಯ ತೋಡಿರಲಿಲ್ಲ. ರಿಪೇರಿಯನ್ನು ಮೂರು ಮೂರು ಅಡಿ ಬಿಡಿಸಿ ಬಿಡಿಸಿ ಅಗೆದು, ಕೆಳಗಿನ ಗಟ್ಟಿ ನೆಲದಿಂದ ಕಾಂಕ್ರೀಟ್ ತುಂಬಿ ಮಾಡಿದರು. ಒಂದೇ ಸಲ ಪೂರ್ತಿ ಅಗೆದರೆ ಗೋಡೆಯೇ ಕೂರುತ್ತದೆ. ಆ ಚಪ್ಪಲಿ ನೋಡಿದ ಮೇಲೆ ಅರ್ಧ ಖರ್ಚು ಕಾಂಟ್ರಾಕ್ಟರೇ ಹಾಕಿಕೊಂಡ, ಜಾಸ್ತಿ ಮಾತಾಡಲಿಲ್ಲ.

ನಿನ್ನದು ಅದೇ ಕಾಯಿಲೆ ಅಂತ ಹೇಳುತ್ತಿಲ್ಲ. ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಪ್ಲಾಸ್ಟರ್ ಮೇಲೆ ಜೇಡರಬಲೆ ಥರ ಸಣ್ಣ ಗೆರೆಗಳಿದ್ದರೆ ಒಣಗುವಾಗ ಬಂದದ್ದು. ಪಿಲ್ಲರ್ ಮತ್ತು ಗೋಡೆ ಸೇರುವಲ್ಲಿ ನೇರ ಗೆರೆ ಇದ್ದರೆ, ಹೆಚ್ಚಿನ ಪಾಲು ಅಲ್ಲಿ ಕೋಳಿ ಮೆಶ್ ಅನ್ನುವ ತಂತಿ ಬಲೆ ಹಾಕದೆ ಪ್ಲಾಸ್ಟರ್ ಮಾಡಿರುತ್ತಾರೆ. ನಿನ್ನದು ಕಿಟಕಿ ಮೂಲೆಯಿಂದ ಓರೆ. ಅದು ಕಿಟಕಿ ಮೇಲಿನ ಅಡ್ಡ ಕಾಂಕ್ರೀಟ್ ಪಟ್ಟಿ, ಅಂದರೆ ಲಿಂಟಲ್, ಗಿಡ್ಡವಾಗಿ ಗೋಡೆ ಮೇಲೆ ಸರಿಯಾಗಿ ಕೂತಿಲ್ಲದೆಯೂ ಬರಬಹುದು, ಪಾಯ ಕೂತೂ ಬರಬಹುದು. ಮೇಲೆ ಅಗಲವೋ ಕೆಳಗೆ ಅಗಲವೋ, ಹೊರಗಡೆಯೂ ಅದೇ ಜಾಗದಲ್ಲಿ ಕಾಣುತ್ತದೋ ನೋಡಿ ಬರೆದಿಡು. ಪಿಲ್ಲರಿನಲ್ಲೋ ಬೀಮಿನಲ್ಲೋ ಬಿರುಕು ಇದ್ದು, ಕಂಬಿಯ ಉದ್ದಕ್ಕೂ ತುಕ್ಕಿನ ಬಣ್ಣ ಇಳಿದಿದ್ದರೆ ಮಾತ್ರ ಗಾಜು ಗೀಜು ಅಂತ ಕೂರಬೇಡ. ಅವತ್ತೇ ಎಂಜಿನಿಯರನ್ನು ಕರೆಸು.

ಈಶಾನ್ಯ ಕಟ್ಟಾಗಿದೆ, ವಾಸ್ತು ನೋಡಿಸಿ ಅಂತ ಮಾವನವರು ಮೆಸೇಜ್ ಹಾಕಿದ್ದಾರೆ. ಬೇಜಾರು ಮಾಡಿಕೊಳ್ಳಬೇಡಿ ಮಾವ. ನಮ್ಮದು ವಾಸ್ತು ನೋಡಿಯೇ ಕಟ್ಟಿದ್ದು.

ಒದ್ದೆ ಗೋಡೆಗೆ ಸುಮ್ನೆ ಡ್ಯಾಂಪ್‌ಪ್ರೂಫ್ ಪೇಂಟ್ ಹೊಡೆಸಿ ದುಡ್ಡು ಕಳೆಯಬೇಡ. ಎರಡು ದಿನ ಆ ಬಾತ್‌ರೂಮ್ ಬಳಸಬೇಡಿ. ಆಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಇಂಚು ನೀರು ಕಟ್ಟಿ, ಒಂದು ದಿನ ಪೂರ್ತಿ ಬಿಡಿ. ಗೋಡೆ ಮತ್ತೆ ಒದ್ದೆಯಾದರೆ ನೆಲದ ವಾಟರ್‌ಪ್ರೂಫಿಂಗ್ ಸರಿಯಿಲ್ಲ. ಬಳಸದಿದ್ದರೂ ಒದ್ದೆ ಹೆಚ್ಚುತ್ತಲೇ ಇದ್ದರೆ ಗೋಡೆಯೊಳಗಿನ ಪೈಪ್ ನೋಡಿಸು. ವಿಡಿಯೋ ಮಾಡಿಡು.

ಇನ್ನೊಂದು. ಕ್ಯೂರಿಂಗ್, ಅಂದರೆ ಕಟ್ಟಿದ ಮೇಲೆ ನೀರು ಹಿಡಿದು ಒದ್ದೆ ಇಡುವುದು, ಎಷ್ಟು ದಿನ ಮಾಡಿದರು? ಈಗಿನ ಪಿಪಿಸಿ ಸಿಮೆಂಟಿಗೆ (ಹಾರುಬೂದಿಯಂಥದ್ದು ಬೆರೆಸಿದ್ದು) ಕನಿಷ್ಠ 10 ದಿನ, ನಮ್ಮಂಥ ಒಣ ಊರಲ್ಲಿ 14 ದಿನ ನೀರು ಹಿಡಿಯಬೇಕು. ಟ್ಯಾಂಕರಿನ ದುಡ್ಡು ಉಳಿಸಲು ನಾಲ್ಕು ದಿನಕ್ಕೇ ಕೈ ತೊಳೆದುಕೊಳ್ಳುವವರು ಎಷ್ಟೋ ಜನ. ಆಗ ಟ್ಯಾಂಕರಿನವರಿಗೆ ಫೋನ್‌ಪೇ ಮಾಡಿದ್ದು ನೀನೇ ಅಲ್ವಾ? ಆ ತಾರೀಖುಗಳನ್ನು ಹುಡುಕು.

ರೇರಾಗೆ, ಅಂದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರಕ್ಕೆ, ದೂರು ಕೊಡಬಹುದಾ ಅಂತ ಭಾವ ಕೇಳಿದ್ದಾರೆ. ಬಿಲ್ಡರ್ ಕಟ್ಟಿ ಮಾರಿದ, ರೇರಾಗೆ ಸೇರುವ ಪ್ರಾಜೆಕ್ಟ್ ಆದರೆ, ಕೈಗೆ ಕೊಟ್ಟ 5 ವರ್ಷದೊಳಗೆ ತಿಳಿಸಿದ ದೋಷವನ್ನು ಅವರು 30 ದಿನದಲ್ಲಿ ಪುಕ್ಕಟೆ ಸರಿ ಮಾಡಿಕೊಡಬೇಕು. ಆದರೆ ಇವಳದು ಸ್ವಂತ ಸೈಟು, ಮೆಟೀರಿಯಲ್ ಸಮೇತ ಚದರಕ್ಕಿಷ್ಟು ಅಂತ ಮಾತು. ಅದಕ್ಕೆ ರೇರಾ ಬರುವುದಿಲ್ಲ. ಇವಳ ದಾರಿ ಕೋಲಾರದ ಗ್ರಾಹಕ ಆಯೋಗ. ವಕೀಲರಿಲ್ಲದೆಯೂ ದೂರು ಕೊಡಬಹುದು. ಕೊಟ್ಟ ದುಡ್ಡು 20 ಲಕ್ಷ ದಾಟಿ 50 ಲಕ್ಷದೊಳಗಿದ್ದರೆ ಶುಲ್ಕ 1000 ರೂಪಾಯಿ. ದೂರಿಗೆ ಗಡುವು 2 ವರ್ಷ. ಅದಕ್ಕೇ "ಮುಂದಿನ ತಿಂಗಳು ನೋಡೋಣ" ಅನ್ನುವ ಮಾತಿಗೆ ಕೂರಬೇಡ ಅನ್ನುವುದು. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರೂ ದಾರಿ ಹೇಳುತ್ತಾರೆ.

ಅಲ್ಲಿಯ ತನಕ ಹೋಗದೆ ಮುಗಿದರೆ ಒಳ್ಳೆಯದೇ. ನಾಳೆ ಕನ್ನಡದಲ್ಲೇ ಒಂದು ಪುಟ ಬರೆ. ಎಲ್ಲೆಲ್ಲಿ ಏನು, ಯಾವತ್ತು ಕಂಡಿತು, ಇಂಥ ತಾರೀಖಿನೊಳಗೆ ಬಂದು ನೋಡಿ ಅಂತ. ಫೋಟೋ ಸೇರಿಸಿ ಸ್ಪೀಡ್ ಪೋಸ್ಟ್ ಮಾಡು, ರಸೀದಿ ಛಾಪಾ ಕಾಗದದ ಅಗ್ರಿಮೆಂಟ್ ಜೊತೆ ಇಡು. ಅವನು ಫೋನಿನಲ್ಲಿ ಏನೇ ಹೇಳಲಿ, ಇಟ್ಟ ತಕ್ಷಣ "ನೀವು ಈಗ ಹೇಳಿದ್ದು ಹೀಗೆ" ಅಂತ ವಾಟ್ಸಾಪ್ ಹಾಕು. ಕೊನೇ ಕಂತು ಇನ್ನೂ ಕೊಟ್ಟಿಲ್ಲ ತಾನೇ? ಎಂಜಿನಿಯರ್ ನೋಡುವ ತನಕ ಅದರ ಮಾತೇ ಎತ್ತಬೇಡ. ಅಳಿಯಂದಿರು ಮೆತ್ತಗಿನವರು, ಅವರ ಕೈಗೆ ಫೋನ್ ಕೊಡಬೇಡ.

ಕುಕ್ಕರ್ ಕೂಗಿತು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಗಾಜಿನ ಪಟ್ಟಿ, ಪಿಒಪಿ ನಾನೇ ತರುತ್ತೇನೆ. ಪೇಂಟಿನ ಹುಡುಗರು ನನಗಿಂತ ಮೊದಲೇ ಬಂದರೆ ಕಾಫಿ ಕೊಟ್ಟು ಹೊರಗೆ ಜಗಲಿ ಮೇಲೆ ಕೂರಿಸು.