ಆಫ್‌ರೋಡ್ ಪಯಣಕ್ಕೆ ಬುತ್ತಿ: ಕುಲುಕಾಟಕ್ಕೂ ತಡಕ್ಕೂ ಜಗ್ಗದ ಊಟ ಯಾವುದು?

ಪ್ರಶ್ನೆ: ಕೆಸರುಗಾಲಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರ್ ಎರಡನೆಯ ವಾರದಲ್ಲಿ ನಾವು ಮೂರು ಮನೆಯವರು ಸೇರಿ, ಎರಡು ಥಾರ್ ಮತ್ತು ಒಂದು ಹಳೆಯ ಜಿಪ್ಸಿಯಲ್ಲಿ, ಸಕಲೇಶಪುರದ ಸುತ್ತಲಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಎರಡು ಹಗಲು, ಒಂದು ರಾತ್ರಿ ಸುತ್ತುವವರಿದ್ದೇವೆ. ತೋಟದವರ ಒಪ್ಪಿಗೆ ಸಿಕ್ಕಿದೆ. ರಾತ್ರಿ ಅವರದೇ ಕಣದಲ್ಲಿ ಡೇರೆ ಹಾಕುತ್ತೇವೆ. ಒಟ್ಟು ಒಂಬತ್ತು ಜನ. ಅವರಲ್ಲಿ ಹತ್ತು ವರ್ಷದ ನನ್ನ ಮಗಳೂ ಅರವತ್ತೆಂಟರ ನಮ್ಮ ತಂದೆಯವರೂ ಇದ್ದಾರೆ.

ಕಳೆದ ವರ್ಷದ ಪಯಣದಲ್ಲಿ ಊಟದ ವಿಷಯದಲ್ಲಿ ಬಹಳ ಪಾಡುಪಟ್ಟೆವು. ಮನೆಯಿಂದ ಅನ್ನ, ಸಾಂಬಾರು, ಪಲ್ಯ ಎಲ್ಲವನ್ನೂ ಮಾಡಿಕೊಂಡು ಹೊರಟಿದ್ದೆವು. ಮೊದಲ ಕೊರಕಲನ್ನು ಹತ್ತುವಾಗಲೇ ಸಾಂಬಾರಿನ ಡಬ್ಬಿಯ ಮುಚ್ಚಳ ಕಳಚಿ, ಅರ್ಧಕ್ಕರ್ಧ ಹಿಂದಿನ ಸೀಟಿನ ಕೆಳಗೆ ಹರಿಯಿತು. ಎರಡು ಸಲ ತೊಳೆಸಿದರೂ ಇಂಗಿನ ವಾಸನೆ ಒಂದು ತಿಂಗಳು ಬಿಡಲಿಲ್ಲ. ಆಮೇಲೆ ಒಂದು ಗಾಡಿ ಕೆಸರಿನಲ್ಲಿ ಹೂತು, ವಿಂಚ್ ಹಾಕಿ ಎಳೆದು ಹೊರತರುವಷ್ಟರಲ್ಲಿ ಮೂರೂವರೆ ಗಂಟೆ ಕಳೆದಿತ್ತು. ಒಂದು ಗಂಟೆಗೆ ಆಗಬೇಕಿದ್ದ ಊಟಕ್ಕೆ ನಾಲ್ಕೂವರೆಗೆ ಕುಳಿತಾಗ ಅನ್ನ ನೂಲು ಬಿಟ್ಟಿತ್ತು. ಉಳಿದ ಹೊತ್ತೆಲ್ಲ ಬಿಸ್ಕತ್ತು ಮತ್ತು ನೂಡಲ್ಸ್‌ನಲ್ಲಿ ಕಳೆಯಿತು; ತಂದೆಯವರಿಗೆ ಅದು ಒಗ್ಗಲಿಲ್ಲ.

ಚಾರಣಕ್ಕೆ ಹೋಗುವವರಿಗೆ ತೂಕದ ಚಿಂತೆ ಇರುತ್ತದೆ. ಜೀಪಿನಲ್ಲಿ ತೂಕ ದೊಡ್ಡ ಸಮಸ್ಯೆಯಲ್ಲ. ಕುಲುಕಾಟ, ಸೆಕೆ ಮತ್ತು ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲುತ್ತೇವೆಂದು ಹೇಳಲಾಗದ ಸ್ಥಿತಿ, ಈ ಮೂರೇ ಸಮಸ್ಯೆ. ಇವುಗಳಿಗೆ ತಡೆಯುವ, ಸುಲಭವಾದ, ಆದರೆ ಬಾಯಿಗೆ ರುಚಿಸುವ ಊಟ ಯಾವುದೆಂದು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಬಿಳಿಜೋಳ, ವಿಜಯಪುರ

ಕೆಸರುಗಾಲಿಯವರೇ, ನೀವು ಹೇಳಿದ ಮೂರೂ ಸಮಸ್ಯೆಗಳಿಗೆ ನಮ್ಮ ಕಡೆಯ ಹೆಣ್ಣುಮಕ್ಕಳು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆಯನ್ನು ಬೆಳೆಯ ಮೇಲೆ ಚೆಲ್ಲಲು, ಹೊಲಕ್ಕೆ ಹೋಗುವಾಗ, ಎತ್ತಿನ ಬಂಡಿಯಲ್ಲಿ ಎರೆಹೊಲದ ದಾರಿಯ ಕುಲುಕಾಟವನ್ನು ತಡೆದುಕೊಂಡು, ಇಡೀ ಮನೆತನಕ್ಕೆ ಸಾಲುವ ಬುತ್ತಿ ಹೊಲ ಸೇರುತ್ತದೆ. ಆ ಬುತ್ತಿಯಲ್ಲಿ ಚೆಲ್ಲುವಂಥದ್ದು ಕಡಿಮೆ, ಕೆಡುವಂಥದ್ದು ಇನ್ನೂ ಕಡಿಮೆ. ನಿಮ್ಮ ಥಾರ್ ಹೋಗುವ ದಾರಿ ಆ ಬಂಡಿದಾರಿಗಿಂತ ಬಹಳ ಬೇರೆಯೇನಲ್ಲ.

ಮೊದಲನೆಯದು ಖಡಕ್ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ನೀರಿನ ಪಸೆ ಪೂರ್ತಿ ಹೋಗುವವರೆಗೆ ಒಣಗಿಸಿದರೆ ಅದು ವಾರಗಟ್ಟಲೆ ಕೆಡದು. ಒಬ್ಬರಿಗೆ ಒಂದು ಹೊತ್ತಿಗೆ ಎರಡರಂತೆ ಲೆಕ್ಕ ಹಿಡಿದರೂ ಎರಡು ಮಧ್ಯಾಹ್ನಗಳಿಗೆ ಮೂವತ್ತಾರು ಬೇಕು. ನಲವತ್ತೈದು ಒಯ್ಯಿರಿ, ಏಕೆಂದರೆ ಗಾಡಿ ಹೂತ ಹೊತ್ತಿನಲ್ಲಿ ಎಲ್ಲರೂ ಬರೀ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಮುರಿಯುತ್ತದೆಂಬ ಅಂಜಿಕೆ ಬೇಡ. ರೊಟ್ಟಿಯ ಅಗಲಕ್ಕೆ ಸರಿಯಾದ ದುಂಡನೆಯ ಡಬ್ಬಿಯಲ್ಲಿ ಕೆಳಗೊಂದು, ಮೇಲೊಂದು ದಪ್ಪ ಬಟ್ಟೆ ಹಾಕಿ, ನಡುವೆ ಜಾಗವೇ ಉಳಿಯದಂತೆ ಬಿಗಿಯಾಗಿ ಜೋಡಿಸಬೇಕು. ಸಡಿಲವಿದ್ದರೆ ಮಾತ್ರ ಚೂರಾಗುತ್ತದೆ.

ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸೆ ಚಟ್ನಿಪುಡಿ. ಕಾಯಿಚಟ್ನಿಯನ್ನು ದಯವಿಟ್ಟು ಒಯ್ಯಬೇಡಿ, ಹಸಿ ತೆಂಗಿನಕಾಯಿಯಷ್ಟು ಬೇಗ ಹಳಸುವ ಪದಾರ್ಥ ಬೇರೆಯಿಲ್ಲ. ಗಟ್ಟಿ ಮೊಸರು, ಸೌತೆಕಾಯಿ, ಈರುಳ್ಳಿ, ಎಳೆಯ ಮೂಲಂಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಸಿ ಮೆಂತ್ಯಸೊಪ್ಪು ಇದ್ದರೆ ಒಲೆ ಹಚ್ಚದೆಯೇ ಹತ್ತು ನಿಮಿಷದಲ್ಲಿ ಒಂಬತ್ತು ಜನರ ಊಟ ಮುಗಿಯುತ್ತದೆ. ಮೊದಲ ದಿನದ ಮಟ್ಟಿಗೆ ಬದನೆಕಾಯಿ ಎಣ್ಣೆಗಾಯಿಯನ್ನು ನೀರು ಹಾಕದೆ, ಎಣ್ಣೆಯಲ್ಲೇ ಬಾಡಿಸಿ ಒಯ್ಯಬಹುದು. ಸಿಹಿಗೆ ಶೇಂಗಾ ಹೋಳಿಗೆ ಇರಲಿ. ಬೇಳೆಯ ಹೂರಣದ ಹೋಳಿಗೆ ಸೆಕೆಗೆ ತಡೆಯುವುದಿಲ್ಲ. ಹುರಿದ ಶೇಂಗಾ ಮತ್ತು ಬೆಲ್ಲದ ಹೋಳಿಗೆಯಾದರೆ ನಾಲ್ಕಾರು ದಿನ ನಿಶ್ಚಿಂತೆಯಿಂದಿರುತ್ತದೆ, ಒಂದೊಂದು ತಿಂದರೂ ಹೊಟ್ಟೆಗೆ ಆಧಾರ.

ಸಂಜೆಗೆ ಗಿರ್ಮಿಟ್ ಮಾಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲ ಹಾಕಿದ ಗೊಜ್ಜನ್ನು ಮನೆಯಲ್ಲೇ ಕುದಿಸಿ, ತಿರುಪು ಮುಚ್ಚಳದ ಬಾಟಲಿಯಲ್ಲಿ ತುಂಬಿ, ಪುಟಾಣಿ (ಹುರಿಗಡಲೆ) ಹಿಟ್ಟನ್ನು ಬೇರೆ ಕಟ್ಟಿಕೊಳ್ಳಿ. ಅಲ್ಲಿ ಚುರಮುರಿಗೆ, ಅಂದರೆ ಮಂಡಕ್ಕಿಗೆ, ಎರಡನ್ನೂ ಕಲಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿದರಾಯಿತು. ಕಲಸಿದ ಕೂಡಲೇ ತಿನ್ನಬೇಕು ಎಂಬುದೊಂದೇ ನಿಯಮ.

ಉತ್ತರ: ತೋಟದಮನೆ, ಸಕಲೇಶಪುರ ತಾಲ್ಲೂಕು

ನೀವು ಬರುತ್ತಿರುವುದು ನಮ್ಮ ಊರಿನ ಕಡೆಗಾದ್ದರಿಂದ ರುಚಿಗಿಂತ ಮೊದಲು ಒಂದು ಮಾತು ಹೇಳಲೇಬೇಕು. ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಆನೆಗಳ ಓಡಾಟ ನಮಗೆ ದಿನನಿತ್ಯದ ಸಂಗತಿ. ಮಾಗಿದ ಬಾಳೆಗೊನೆ, ಹಲಸು, ಹರಿದ ಉಪ್ಪಿನ ಚೀಲ, ಬೆಲ್ಲ ಇವುಗಳ ವಾಸನೆಯನ್ನು ಆನೆ ಬಹಳ ದೂರದಿಂದಲೇ ಹಿಡಿಯುತ್ತದೆ. ಹಣ್ಣು ಬೇಕಾದರೆ ಕಿತ್ತಳೆ, ಸೇಬು, ಸೀಬೆಯನ್ನು ಆಯಾ ಹೊತ್ತಿಗೆ ಮುಗಿಯುವಷ್ಟೇ ತನ್ನಿ. ರಾತ್ರಿ ಯಾವ ಆಹಾರವನ್ನೂ ಡೇರೆಯೊಳಗೆ ಇಡಬೇಡಿ, ಬಿಗಿ ಡಬ್ಬಿಗಳಲ್ಲಿ ಗಾಡಿಯೊಳಗಿಟ್ಟು ಗಾಜು ಏರಿಸಿ. ತೊಳೆದ ಮುಸುರೆಯನ್ನು ಡೇರೆಯ ಪಕ್ಕ ಚೆಲ್ಲಬೇಡಿ. ಸಂಜೆ ಆರರ ನಂತರ ಎಲ್ಲಿಗಾದರೂ ನಡೆದು ಹೋಗುವ ಮೊದಲು ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಿ. ಆ ದಿನ ಆನೆ ಯಾವ ಕಡೆಗಿದೆ ಎಂಬುದು ಅವರಿಗೆ ತಿಳಿದಿರುತ್ತದೆ.

ಬೆಂಕಿಯ ವಿಷಯವೂ ಇದೆ. ನೀವು ತಂಗುವ ಕಣದಲ್ಲಿ ತೋಟದವರು ಒಪ್ಪಿದರೆ ಒಲೆ ಹಚ್ಚಬಹುದು. ದಾರಿ ಬಿಸಿಲೆ, ಪುಷ್ಪಗಿರಿಯ ಕಡೆ ತಿರುಗಿದರೆ ಅದು ಕಾಡು. ಅಭಯಾರಣ್ಯದಲ್ಲಿ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ, ಅನುಮತಿಯಿಲ್ಲದೆ ಗಾಡಿ ನುಗ್ಗಿಸುವಂತೆಯೂ ಇಲ್ಲ. ಪುಟ್ಟ ಗ್ಯಾಸ್ ಒಲೆಯಿದ್ದರೆ ಅದನ್ನೇ ತನ್ನಿ, ಆದರೆ ಅದರ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ, ತರಗೆಲೆಯ ಮೇಲೆ ಒಲೆ ಇಡಬೇಡಿ.

ಇನ್ನು ಬೆಳಗಿನ ತಿಂಡಿ. ನವೆಂಬರಿನ ಬೆಳಗ್ಗೆ ಇಲ್ಲಿ ಮಂಜು ಕವಿದು ಕೈ ಸೆಟೆದಿರುತ್ತದೆ, ಆಗ ರೊಟ್ಟಿ ಮುರಿಯಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನು ಮಾಡುವುದು ಹೀಗೆ. ಮನೆಯಲ್ಲೇ ಬಾಣಲೆಗೆ ಧಾರಾಳವಾಗಿ ಎಣ್ಣೆ ಹಾಕಿ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಗೋಡಂಬಿ, ಒಣಮೆಣಸಿನ ಒಗ್ಗರಣೆ ಕೊಟ್ಟು, ಕರಿಬೇವು ಗರಿಗರಿಯಾದ ಮೇಲೆ ಬನ್ಸಿ ರವೆ ಹಾಕಿ ಘಮ ಬರುವ ತನಕ ಹುರಿದು, ಉಪ್ಪು ಬೆರೆಸಿ, ಪೂರ್ತಿ ಆರಿದ ನಂತರ ಡಬ್ಬಿಗೆ ತುಂಬುತ್ತೇನೆ. ಬಿಸಿ ಇರುವಾಗ ಮುಚ್ಚಿದರೆ ಬೆವರಿ ಮುಗ್ಗಲಾಗುತ್ತದೆ. ಅಲ್ಲಿ ಒಂದು ಲೋಟ ರವೆಗೆ ಎರಡೂವರೆ ಲೋಟದಂತೆ ನೀರು ಕುದಿಸಿ, ರವೆ ಸುರಿದು ಕದಡಿ, ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು ಸಿದ್ಧ. ನಿಂಬೆಹಣ್ಣು ಹಿಂಡಿ, ಪಕ್ಕದಲ್ಲಿ ಒಂದು ಅಪ್ಪೆಮಿಡಿ ಉಪ್ಪಿನಕಾಯಿ ಇಟ್ಟುಕೊಟ್ಟರೆ ನಿಮ್ಮ ತಂದೆಯವರು ಖಂಡಿತ ಇನ್ನೊಂದು ಸೌಟು ಕೇಳುತ್ತಾರೆ.

ಕಾಫಿಯ ನಾಡಿಗೆ ಬಂದು ಪೊಟ್ಟಣದ ಪುಡಿಯ ಕಾಫಿ ಕುಡಿಯಬೇಡಿ. ಹೊರಡುವ ಬೆಳಗ್ಗೆ ಗಟ್ಟಿ ಡಿಕಾಕ್ಷನ್ ಇಳಿಸಿ ಚಿಕ್ಕ ಫ್ಲಾಸ್ಕಿನಲ್ಲಿ ತನ್ನಿ, ಹಾಲಿನ ಪುಡಿಯಿಂದ ಹಾಲು ಮಾಡಿಕೊಳ್ಳಿ. ಮರುದಿನಕ್ಕೆ ಡಿಕಾಕ್ಷನ್ ಅನ್ನು ತೋಟದ ಮನೆಯಲ್ಲೇ ಕೇಳಿ, ಯಾರೂ ಇಲ್ಲವೆನ್ನುವುದಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಮಾಡಿದ ಕಷಾಯದ ಪುಡಿ ಇರಲಿ. ರಾತ್ರಿ ಮಲಗುವ ಮುನ್ನ ಬೆಲ್ಲ ಹಾಕಿ ಕುಡಿದರೆ ಮೈ ಬೆಚ್ಚಗಾಗುತ್ತದೆ. ತಟ್ಟೆಗೆ ಅಡಿಕೆ ಹಾಳೆಯವು ಸಾಕು, ಆದರೆ ಅವನ್ನೂ ಚೀಲದಲ್ಲಿ ತುಂಬಿಕೊಂಡೇ ಹೋಗಿ.

ಕೆಸರುಗಾಲಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಾಳೆಹಣ್ಣಿನ ಒಂದು ಇಡೀ ಗೊನೆ ಒಯ್ಯಬೇಕೆಂದಿದ್ದೆ, ಆ ಯೋಚನೆಯನ್ನು ಕೈಬಿಟ್ಟೆ. ಇನ್ನೆರಡು ಸಂದೇಹಗಳಿವೆ. ತಂದೆಯವರಿಗೆ ದಿನಕ್ಕೊಂದು ಹೊತ್ತಾದರೂ ಅನ್ನ ಬೇಕು. ಹಳಸದಂತೆ ಹೇಗೆ ಕೊಂಡೊಯ್ಯುವುದು? ಮಗಳಿಗೆ ಕುಲುಕಾಟದಲ್ಲಿ ವಾಂತಿಯಾಗುತ್ತದೆ. ಅವಳಿಗೆ ಏನು ಕೊಡಬಹುದು?

ಉತ್ತರ: ಸೌಟು, ಮೈಸೂರು

ಅನ್ನ ಹಳಸುವುದರ ಕಾರಣ ತಿಳಿದರೆ ದಾರಿ ತಾನಾಗಿ ತೋರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಮೊಳೆತು ನಂಜನ್ನು ಉಂಟುಮಾಡುತ್ತವೆ, ಆ ನಂಜು ಮತ್ತೆ ಬಿಸಿ ಮಾಡಿದರೂ ಹೋಗದು. ಆದ್ದರಿಂದ ಅನ್ನ ಒಂದೋ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಶಾಖದಲ್ಲಿ ಬುತ್ತಿ ಹೊತ್ತು ತಿರುಗುವುದೇ ಅಪಾಯ. ಕಳೆದ ವರ್ಷ ಆ ಅನ್ನವನ್ನು ನೀವು ಉಣ್ಣದಿದ್ದುದು ಒಳ್ಳೆಯದಾಯಿತು.

ಮೊದಲ ದಿನದ ಮಧ್ಯಾಹ್ನಕ್ಕೆ ಬಿಸಿಬೇಳೆಬಾತ್ ಮಾಡಿ. ಅಗಲ ಬಾಯಿಯ ಒಳ್ಳೆಯ ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಬಾತು ಒಲೆಯ ಮೇಲೆ ಕೊತಕೊತ ಎನ್ನುತ್ತಿರುವಾಗಲೇ ಕಂಠಮಟ್ಟ ತುಂಬಿ ಮುಚ್ಚಿರಿ. ನಮ್ಮ ಫ್ಲಾಸ್ಕಿನಲ್ಲಿ ಬೆಳಗ್ಗೆ ಏಳಕ್ಕೆ ತುಂಬಿದ್ದು ಹನ್ನೆರಡಕ್ಕೂ ನಾಲಗೆ ಸುಡುವಷ್ಟು ಬಿಸಿಯಿರುತ್ತದೆ. ಆಮೇಲಿನ ಹೊತ್ತುಗಳಿಗೆ ಅನ್ನ ಹೊತ್ತೊಯ್ಯುವ ಬದಲು ಪುಳಿಯೋಗರೆ ಗೊಜ್ಜನ್ನು ಮಾತ್ರ ಒಯ್ದು, ಕಣದಲ್ಲೇ ಪುಟ್ಟ ಕುಕ್ಕರಿನಲ್ಲಿ ಅನ್ನ ಮಾಡಿ ಕಲಸಿ. ಚೆನ್ನಾಗಿ ಎಣ್ಣೆ ಬಿಡುವವರೆಗೆ ಕುದಿಸಿದ ಗೊಜ್ಜು ಹುಳಿ, ಉಪ್ಪು, ಎಣ್ಣೆಗಳ ಬಲದಿಂದ ಹೊರಗಿಟ್ಟರೂ ಕೆಡುವುದಿಲ್ಲ.

ಒಲೆ ಹಚ್ಚುವ ಬಿಡುವೂ ಇಲ್ಲದಿದ್ದರೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಸಾರಿನಪುಡಿ, ಉಪ್ಪು, ಒಗ್ಗರಣೆಯನ್ನು ಮನೆಯಲ್ಲೇ ಬೆರೆಸಿಡಿ. ಅಲ್ಲಿ ಹುಣಸೆ, ಬೆಲ್ಲದ ನೀರು ಚಿಮುಕಿಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಹೂವಿನಂತೆ ಅರಳಿಕೊಳ್ಳುತ್ತದೆ. ತುರ್ತಿಗೆಂದು ನಾಲ್ಕು ರಿಟಾರ್ಟ್ ಪೊಟ್ಟಣಗಳೂ ಇರಲಿ. ಈ ಬಗೆಯ ಸಿದ್ಧ ಊಟವನ್ನು ನಮ್ಮ ದೇಶದ ಸೈನಿಕರಿಗಾಗಿ ರೂಪಿಸಿದ್ದು ನಮ್ಮ ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಪೊಟ್ಟಣವನ್ನು ಮುಚ್ಚಿದ ಮೇಲೆ ಸುಮಾರು 121 ಡಿಗ್ರಿಯ ಶಾಖದಲ್ಲಿ ಬೇಯಿಸುವುದರಿಂದ ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಉಳಿಯುತ್ತದೆ. ಕುದಿಯುವ ನೀರಿನಲ್ಲಿ ಐದು ನಿಮಿಷ ಹಾಕಿದರೆ ಸಾಕು.

ಐಸ್ ಪೆಟ್ಟಿಗೆಗೆ ಐಸಿನ ಚೂರುಗಳ ಬದಲು ಎರಡು ಲೀಟರಿನ ನೀರಿನ ಬಾಟಲಿಗಳನ್ನು ಗಟ್ಟಿಯಾಗಿಸಿ ಇಡಿ. ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ, ಕರಗಿದ ನೀರು ಮೊಸರಿನ ಡಬ್ಬಿಗೆ ನುಗ್ಗುವುದಿಲ್ಲ, ಕೊನೆಗೆ ಕುಡಿಯಲೂ ಆಗುತ್ತದೆ. ಕುಡಿಯಲು, ಅಡುಗೆಗೆ ಸೇರಿ ನಾವು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಒಯ್ಯುತ್ತೇವೆ. ನಿಮ್ಮ ಲೆಕ್ಕಕ್ಕೆ ಅದು 72 ಲೀಟರ್, ಅಂದರೆ 72 ಕಿಲೋ. ಅದನ್ನು ಮೂರು ಗಾಡಿಗಳಿಗೂ ಹಂಚಿ, ಸೀಟಿನ ಹಿಂದೆ ನೆಲಕ್ಕೆ ತಾಗಿಸಿ ಪಟ್ಟಿಯಿಂದ ಬಿಗಿಯಿರಿ. ಮೇಲಿನ ಕ್ಯಾರಿಯರಿಗೆ ಹಾಕಿದರೆ ಓರೆ ದಾರಿಯಲ್ಲಿ ಗಾಡಿ ವಾಲುತ್ತದೆ.

ಮಗಳಿಗೆ ಹೊರಡುವ ಮೊದಲು ಎಣ್ಣೆಯ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ, ಒಂದು ಹೋಳು ಸೇಬು ಸಾಕು. ದಾರಿಯಲ್ಲಿ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಚೂರು ಬಾಯಲ್ಲಿರಲಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ದೂರ ನೋಡಲು ಹೇಳಿ.

ಉತ್ತರ: ರಾಗಿಕಣ, ಮಂಡ್ಯ

ಗಾಡಿ ಓಡಿಸುವವರನ್ನು ಎಲ್ಲರೂ ಮರೆತಂತಿದೆ. ಅವರಿಗೆ ನಡುವೆ ಕುಳಿತು ಉಣ್ಣುವ ಅವಕಾಶವಿರುವುದಿಲ್ಲ, ಹಸಿವು ಹೆಚ್ಚಿದರೆ ಲಕ್ಷ್ಯ ತಪ್ಪುತ್ತದೆ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ, ಒಣಕೊಬ್ಬರಿ ತುರಿ, ತುಪ್ಪ ಹಾಕಿ ನಿಂಬೆಗಾತ್ರದ ಉಂಡೆ ಕಟ್ಟಿ, ಪ್ರತಿ ಗಾಡಿಯ ಮುಂದಿನ ಸೀಟಿನವರ ಬಳಿ ಒಂದು ಡಬ್ಬಿ ಕೊಡಿ. ಹುರಿಗಡಲೆ, ಶೇಂಗಾ, ಒಂದು ಚೂರು ಬೆಲ್ಲ ಜೊತೆಗಿರಲಿ. ಗಾಡಿ ನಿಂತ ಎರಡು ನಿಮಿಷದಲ್ಲಿ ಒಂದು ಉಂಡೆ ತಿಂದು ನೀರು ಕುಡಿದರೆ ಎರಡು ಗಂಟೆ ಹಸಿವಾಗದು.

ಕೆಸರುಗಾಲಿ

ಬಿಳಿಜೋಳದವರೇ, ಕೊನೆಯ ಒಂದು ಪ್ರಶ್ನೆ. ನಿಮ್ಮ ಊರಿನ ಒಣ ಹವೆಯಲ್ಲಿ ರೊಟ್ಟಿ ಖಡಕ್ಕಾಗಿಯೇ ಉಳಿಯುತ್ತದೆ. ಮಲೆನಾಡಿನ ಮಂಜಿನಲ್ಲಿ ಅದು ಮೆತ್ತಗಾಗುವುದಿಲ್ಲವೇ?

ಬಿಳಿಜೋಳ

ಆಗುತ್ತದೆ, ನಿಮ್ಮ ಸಂದೇಹ ಸರಿ. ಎರಡು ಡಬ್ಬಿ ಮಾಡಿ, ಎರಡನೆಯ ದಿನದ್ದನ್ನು ಅಂದೇ ತೆರೆಯಿರಿ. ಆದರೂ ಮೆತ್ತಗಾದರೆ ಕಾದ ಹಂಚಿನ ಮೇಲೆ ಎರಡೂ ಬದಿ ಒತ್ತಿ ಬಿಸಿ ಮಾಡಿದರೆ ಮತ್ತೆ ಗರಿಗರಿಯಾಗುತ್ತದೆ. ಇಲ್ಲವೇ ಬಿಸಿ ಇರುವಾಗಲೇ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಶೇಂಗಾ ಎಣ್ಣೆ ಹಾಕಿ ಕಲ್ಲಿನಿಂದ ಜಜ್ಜಿ ಮುಟಗಿ, ಅಂದರೆ ಮುಷ್ಟಿಯಲ್ಲಿ ಒತ್ತಿದ ಉಂಡೆ, ಕಟ್ಟಿ. ಜಜ್ಜಲು ಕುಟ್ಟಾಣಿ ಒಯ್ಯುವುದನ್ನು ಮಾತ್ರ ಮರೆಯಬೇಡಿ, ತೋಟದಲ್ಲಿ ಚೊಕ್ಕ ಕಲ್ಲು ಹುಡುಕುತ್ತ ಕೂರಬೇಕಾದೀತು.