ಸಹಾಯ ಬೇಕು: ರಿಟೈರ್ ಆಗಿ ಮೈಸೂರಿಗೆ ಬರುತ್ತಿದ್ದೇವೆ, ಇನ್ಶೂರೆನ್ಸ್ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ನಾವಿಬ್ಬರೂ ಅಮೆರಿಕದ ಪೌರರು, ಇರುವುದು ನ್ಯೂಜೆರ್ಸಿಯಲ್ಲಿ. ನನಗೆ 67, ಯಜಮಾನರಿಗೆ 71. ಬರುವ ವರ್ಷ ಮೈಸೂರಿಗೆ ಬಂದು ನೆಲೆಸುವ ಯೋಚನೆ. ಒಸಿಐ ಕಾರ್ಡ್ ಇದೆ, ಹಾಗಾಗಿ ವೀಸಾ ತಲೆಬಿಸಿ ಇಲ್ಲ. ತಲೆನೋವೆಲ್ಲ ಇನ್ಶೂರೆನ್ಸ್‌ದೇ.

ಮೆಡಿಕೇರ್ (ಅಮೆರಿಕ ಸರ್ಕಾರದ, ಹಿರಿಯರ ಆರೋಗ್ಯ ವಿಮೆ) ಭಾರತದಲ್ಲಿ ನಡೆಯುವುದಿಲ್ಲ. ಹಾಗಂತ ಅದರ ಪಾರ್ಟ್ ಬಿ (ಡಾಕ್ಟರ್ ಭೇಟಿ, ಹೊರರೋಗಿ ಚಿಕಿತ್ಸೆಯ ಭಾಗ) ಬಿಟ್ಟು, ಮುಂದೆ ಮಕ್ಕಳ ಹತ್ತಿರ ವಾಪಸ್ ಹೋಗಬೇಕಾಗಿ ಬಂದರೆ? ಬಿಟ್ಟ ಪ್ರತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇ. 10 ದಂಡ, ಅದೂ ಪಾರ್ಟ್ ಬಿ ಇರುವಷ್ಟು ಕಾಲ. ಬಳಸದೆ ಸುಮ್ನೆ ಕಟ್ಟುತ್ತಾ ಇರಬೇಕಾ? ನೀವೇನು ಮಾಡಿದಿರಿ?

ಭಾರತದ ಪಾಲಿಸಿ ತಗೊಂಡರೆ ಯಜಮಾನರ ಶುಗರ್‌ಗೆ ಕವರ್ ಸಿಗಲು 3 ವರ್ಷದವರೆಗೂ ಕಾಯಬೇಕಾಗಬಹುದು. 70 ದಾಟಿದ ಮೇಲೆ ಪಾಲಿಸಿ ಸಿಕ್ಕವರು ಪ್ರೀಮಿಯಂ ಎಷ್ಟು, ಕೋ-ಪೇ (ಬಿಲ್‌ನಲ್ಲಿ ನಾವೇ ಕಟ್ಟಬೇಕಾದ ಪಾಲು) ಎಷ್ಟು ಹಾಕಿದರು ಅಂತ ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ. ಸೋಷಿಯಲ್ ಸೆಕ್ಯುರಿಟಿಗೆ (ಅಮೆರಿಕ ಸರ್ಕಾರದ ಪಿಂಚಣಿ) ತೆರಿಗೆ ಅಮೆರಿಕದಲ್ಲಿ ಮಾತ್ರ, ಎರಡು ದೇಶಗಳ ಒಪ್ಪಂದದಲ್ಲೇ ಇದೆ. 401(ಕೆ) (ಕೆಲಸದಲ್ಲಿದ್ದಾಗ ಕೂಡಿಟ್ಟ ನಿವೃತ್ತಿ ಉಳಿತಾಯ) ದುಡ್ಡಿನ ಲೆಕ್ಕವೇ ಬೇರೆ ಅಲ್ವಾ? ಎರಡೂ ಕಡೆ ಗೊತ್ತಿರುವ ಸಿಎ ಬೇಕು. ಭಾರತದ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ಎಫ್‌ಬಾರ್ (ವಿದೇಶಿ ಖಾತೆಗಳ ಬಗ್ಗೆ ಅಮೆರಿಕ ಸರ್ಕಾರಕ್ಕೆ ಕೊಡುವ ವರದಿ) ಸಲ್ಲಿಸಬೇಕು ಅಂದಾಗ ಕಣ್ಣು ಕಣ್ಣು ಬಿಡುವವರು ಬೇಡ!

ಏಜೆಂಟರು ಮೆಸೇಜ್ ಮಾಡಬೇಡಿ. ಅನುಭವ ಇದ್ದವರೇ ಹೇಳಿ.